ಅಪ್ಪನ ಬಿಪಿ ಪುಸ್ತಕದಲ್ಲಿ ನನ್ನ 19 ದಿನ

ಅಪ್ಪ 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಲೆಕ್ಕ ಬರೆದಿಡದೆ ಅವರಿಗೆ ನಿದ್ದೆ ಬರುವುದಿಲ್ಲ. ರಿಟೈರ್ ಆದ ಮೇಲೆ ಬಿಪಿ ಶುರುವಾಯಿತು. ಚಿತ್ರದುರ್ಗದ ಮನೆಗೆ ತೋಳಿಗೆ ಪಟ್ಟಿ ಸುತ್ತುವ ಮಿಷನ್ ಬಂತು. ಅದರ ಜೊತೆಗೆ ಒಂದು ಉದ್ದನೆಯ ನೋಟ್ ಬುಕ್ಕು. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅಪ್ಪ ಬಿಪಿ ನೋಡಿಕೊಂಡು ಬರೆಯುತ್ತಾರೆ. ತಾರೀಖು, ಮೇಲಿನದು, ಕೆಳಗಿನದು, ನಾಡಿ. ಸ್ಕೇಲಿಟ್ಟು ಗೆರೆ ಹೊಡೆದ ನಾಲ್ಕು ಕಾಲಂ, ಥೇಟ್ ವೇ ಬಿಲ್ ತುಂಬಿದ ಹಾಗೆ.

ಆ ಪುಸ್ತಕದಲ್ಲಿ 2019ರ ಆಗಸ್ಟ್ 3ರಿಂದ 21ರವರೆಗೆ ಇರುವ ಅಂಕಿಗಳು ನನ್ನವು. ಆಗ ನಾನು 8 ವಾರದ ಬಸುರಿ. ಮೊನ್ನೆ ಊರಿಗೆ ಹೋದಾಗ ಆ ಪುಟಗಳನ್ನು ಮತ್ತೆ ನೋಡಿದೆ. ಬರೆಯಲೇಬೇಕು ಅನ್ನಿಸಿತು.

ನನ್ನ ಗಂಡನ ಮನೆ ದಾವಣಗೆರೆ. ಸಂಜೆ ಐದಾಯಿತೆಂದರೆ ನಮ್ಮ ಬೀದಿಯ ತುದಿಯಲ್ಲಿ ಮಿರ್ಚಿ ಬಾಣಲೆ ಒಲೆಗೇರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ವಾಸನೆ, ಆ ಮಂಡಕ್ಕಿ ಒಗ್ಗರಣೆಯ ಘಮಕ್ಕೇ ನನಗೆ ಈ ಊರು ಹಿಡಿಸಿಬಿಟ್ಟಿತ್ತು. ಆರನೇ ವಾರದಲ್ಲಿ ಅದೇ ವಾಸನೆ ಕಿಟಕಿ ಹಾಕಿದರೂ ಒಳಗೆ ಬಂದು ಹೊಟ್ಟೆ ಕಿವುಚುತ್ತಿತ್ತು. ಮೊದಲು ಬೆಳಿಗ್ಗೆ ಮಾತ್ರ ವಾಂತಿ. ಆಮೇಲೆ ಉಂಡ ಕೂಡಲೇ. ಆಮೇಲೆ ನೀರು ಕುಡಿದರೂ ವಾಂತಿ. ಕೊನೆಗೆ ನನ್ನ ಜೊಲ್ಲನ್ನೇ ನುಂಗಲು ಆಗದೆ ಪಕ್ಕದಲ್ಲಿ ಲೋಟ ಇಟ್ಟುಕೊಂಡು ಉಗುಳುತ್ತಾ ಮಲಗಿದ್ದೆ.

"ಬಸುರಿ ಅಂದ್ಮೇಲೆ ವಾಂತಿ ಆಗ್ದೆ ಇರುತ್ತೇನವ್ವಾ? ನನಗೂ ಮೂರು ತಿಂಗಳು ಹಿಂಗೇ ಇತ್ತು. ಸ್ವಲ್ಪ ತಡ್ಕೋ" ಎಂದರು ಅತ್ತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಜೀರಿಗೆ ಕಷಾಯ, ನಿಂಬೆಹಣ್ಣು, ಉಪ್ಪು ಹಾಕಿದ ಗಂಜಿ, ಏನೆಲ್ಲ ಮಾಡಿ ತಂದುಕೊಟ್ಟರು ಪಾಪ. ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಹತ್ತು ಬಸುರಿಯರಲ್ಲಿ ಏಳೆಂಟು ಜನರಿಗೆ ವಾಕರಿಕೆ ಇದ್ದೇ ಇರುತ್ತದೆ. ಐದಾರನೇ ವಾರಕ್ಕೆ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಜೋರಾಗಿ, 16ರಿಂದ 20 ವಾರದೊಳಗೆ ಹೆಚ್ಚಿನವರಿಗೆ ಇಳಿಯುತ್ತದೆ. ಆದರೆ ನೂರರಲ್ಲಿ ಹೆಚ್ಚೆಂದರೆ ಮೂರು ಜನರಿಗೆ ಅದು ಹದ್ದು ಮೀರುತ್ತದೆ. ತೂಕ ಇಳಿಯುತ್ತದೆ, ಮೈಯ ನೀರು ಬತ್ತುತ್ತದೆ, ರಕ್ತದ ಲವಣ ಏರುಪೇರಾಗುತ್ತದೆ. ಅದಕ್ಕೆ ಹೈಪರೆಮೆಸಿಸ್ ಗ್ರಾವಿಡೇರಮ್ ಎಂಬ ಹೆಸರಿದೆ. ನಮ್ಮ ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು "ತಡ್ಕೋ" ಎಂಬ ಮಾತು.

ಹತ್ತಿರದ ಒಂದು ಕ್ಲಿನಿಕ್ಕಿಗೆ ಎರಡು ಸಲ ಹೋದೆವು. ಎರಡು ಸಲವೂ ಕೂರಿಸಿ ಬಿಪಿ ನೋಡಿದರು. 110/70. "ಬಿಪಿ ನಾರ್ಮಲ್ ಇದೆ, ಇದೆಲ್ಲಾ ಕಾಮನ್" ಎಂದರು. ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸಿದರು. ರಕ್ತ ತೆಗೆಯಲಿಲ್ಲ, ಮೂತ್ರ ನೋಡಲಿಲ್ಲ. ಎರಡನೇ ಸಲ ನಮ್ಮ ಮನೆಯವರನ್ನು ಕರೆದು, "ಇವರು ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದು ಹೇಳಿದರಂತೆ. ಆ ಮಾತು ಬಹಳ ದಿನ ನನ್ನೊಳಗೆ ಉಳಿಯಿತು. ಆ ಚೀಟಿಗಳು ಇನ್ನೂ ನನ್ನ ಹತ್ತಿರ ಇವೆ. ಎರಡರಲ್ಲೂ ಬಿಪಿ ಬರೆದಿದೆ. ನಾಡಿ ಎಷ್ಟೆಂದು ಎರಡರಲ್ಲೂ ಇಲ್ಲ.

ನಾಡಿ ನನಗೆ ಗೊತ್ತಿತ್ತು. ರಾತ್ರಿ ದಿಂಬಿಗೆ ಕಿವಿ ಇಟ್ಟರೆ ಎದೆ ಬಡಿತ ಕೇಳುತ್ತಿತ್ತು. ಗೋಡೆ ಗಡಿಯಾರ ಒಂದು ಸಲ ಟಿಕ್ ಅನ್ನುವಷ್ಟರಲ್ಲಿ ಅದು ಎರಡು ಸಲ ಬಡಿಯುತ್ತಿತ್ತು. ಬಚ್ಚಲಿಗೆ ಎದ್ದು ಹೋದರೆ ಕಣ್ಣು ಕತ್ತಲೆ, ಎದೆ ಢವಢವ. ಹೆದರಿಕೆಯಿಂದ ಹೀಗಾಗುತ್ತಿದೆ, ನಾನು ಗಟ್ಟಿ ಇಲ್ಲ ಅಂದುಕೊಂಡು ಯಾರಿಗೂ ಹೇಳಲಿಲ್ಲ.

ಸರಿಯಾದ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ತಾಯಿ ಕಾರ್ಡಿನ ವಿಷಯಕ್ಕೆ ಬಂದಿದ್ದರು. ನನ್ನ ತುಟಿ ನೋಡಿದರು. ಪಕ್ಕದಲ್ಲಿ ಕೂತು ಮೆಲ್ಲಗೆ, "ದಿನಕ್ಕೆ ಎಷ್ಟು ಸಲ ಉಚ್ಚೆಗೆ ಹೋಗ್ತೀಯವ್ವಾ?" ಎಂದರು. ನಾನು ಯೋಚಿಸಬೇಕಾಯಿತು. ಹಿಂದಿನ ದಿನ ಒಂದೇ ಸಲ. ಬಣ್ಣ ಚಹಾದ ಡಿಕಾಕ್ಷನ್ ಥರ ಇತ್ತು. ಅವರು ಎದ್ದು ನಿಂತು ಅತ್ತೆಗೆ, "ಅಮ್ಮಾ, ಇದು ಬರೀ ಬಸುರಿ ವಾಂತಿ ಅಲ್ಲ, ದೊಡ್ಡಾಸ್ಪತ್ರೆಗೆ ತೋರ್ಸ್ರಿ" ಎಂದರು.

ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜಿವೆ. ಅಲ್ಲೇ ಸೇರಬೇಕಿತ್ತು, ಈಗ ಅನ್ನಿಸುತ್ತದೆ. ಆದರೆ ನನಗೆ ಅಮ್ಮ ಬೇಕಾಗಿತ್ತು. ಮಾರನೇ ಬೆಳಿಗ್ಗೆ ಅಪ್ಪ ಕಾರು ಮಾಡಿಕೊಂಡು ಬಂದರು. ದುರ್ಗಕ್ಕೆ ಹೈವೇನಲ್ಲಿ 60 ಕಿಲೋಮೀಟರ್. ಮೂರು ಕಡೆ ನಿಲ್ಲಿಸಿದರು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡಾಗ ಊರು ಬಂತು ಅಂತ ಕಣ್ಣಲ್ಲಿ ನೀರು ಬರಬೇಕಿತ್ತು. ಬರಲಿಲ್ಲ. ಆಮೇಲೆ ಡಾಕ್ಟರು, "ಅತ್ತರೆ ಕಣ್ಣೀರು ಬರ್ತಿತ್ತಾ?" ಎಂದು ಕೇಳಿದಾಗ ಇದು ನೆನಪಾಯಿತು.

ಮನೆಗೆ ಬಂದು ಮಲಗಿದೆ. ಅಪ್ಪ ತಮ್ಮ ಮಿಷನ್ ತಂದು ತೋಳಿಗೆ ಪಟ್ಟಿ ಸುತ್ತಿದರು. 102/66, ನಾಡಿ 112. ಅಪ್ಪ ಆ ಕೊನೆಯ ಅಂಕಿಯನ್ನೇ ನೋಡುತ್ತಾ ಕೂತರು. "ಎದ್ದು ನಿಂತ್ಕೋ ಮಗಾ, ನಾನು ಹಿಡ್ಕೋತೀನಿ" ಎಂದರು. ಅವರಿಗೆ ಇದು ಗೊತ್ತಾಗಿದ್ದಕ್ಕೆ ಕಾರಣ ಇತ್ತು. ಬಿಪಿ ಮಾತ್ರೆ ಶುರು ಮಾಡಿದ ಹೊಸತರಲ್ಲಿ ಎದ್ದರೆ ತಲೆ ಸುತ್ತುತ್ತಿತ್ತು. ಆಗ ಅವರ ಡಾಕ್ಟರು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿದ್ದರು. ಅಪ್ಪ ಅದನ್ನು ಮರೆತಿರಲಿಲ್ಲ. ನಾನು ಗೋಡೆ ಹಿಡಿದು ನಿಂತೆ. 82/54. ನಾಡಿ 148.

ಎರಡು ಸಾಲನ್ನೂ ಅವರು ಕೆಂಪು ಇಂಕಿನಲ್ಲಿ ಬರೆದರು. ಕಾರಿನವನು ಇನ್ನೂ ಟೀ ಕುಡಿಯುತ್ತಿದ್ದ. ಅಪ್ಪ ಹೊರಗೆ ಹೋಗಿ ಅವನನ್ನು ನಿಲ್ಲಿಸಿದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಅವತ್ತು ಯಾರಾದರೂ ಹೀಗೆ ಹೇಳಿದ್ದರೆ ಎರಡು ವಾರದ ನರಳಾಟ ತಪ್ಪುತ್ತಿತ್ತು.

ಬಸಿರು ನಿಂತ ಕೆಲವೇ ವಾರಗಳಲ್ಲಿ ಹಾರ್ಮೋನುಗಳಿಂದ ರಕ್ತನಾಳಗಳು ಸಡಿಲವಾಗುತ್ತವೆ. ಅದಕ್ಕೇ ಬಿಪಿ ಸ್ವಲ್ಪ ಇಳಿಯುತ್ತದೆ. ನಾಡಿ ಸ್ವಲ್ಪ ಏರುತ್ತದೆ, ಬಸಿರಿನ ದಿನಗಳು ಮುಂದುವರಿದಂತೆ ನಿಮಿಷಕ್ಕೆ 10ರಿಂದ 20ರಷ್ಟು ಜಾಸ್ತಿಯಾಗುತ್ತದೆ. ಇದು ಎಲ್ಲ ಬಸುರಿಯರಲ್ಲೂ ಆಗುವಂಥದ್ದು. "ಬಸುರಿಗೆ ಬಿಪಿ ಕಮ್ಮಿ ಇರುತ್ತೆ, ಎದೆ ಬಡಿತ ಜಾಸ್ತಿ ಇರುತ್ತೆ" ಎಂಬ ಮಾತು ಇಲ್ಲಿಂದ ಬಂದದ್ದು. ಅದೇ ಮಾತು ನನ್ನಂಥವರ ಕಾಯಿಲೆಯನ್ನು ಮುಚ್ಚಿಯೂ ಹಾಕುತ್ತದೆ.

ವಾಂತಿಯಿಂದ ಮೈಯ ನೀರು ಖಾಲಿಯಾದಾಗ ರಕ್ತದ ಪ್ರಮಾಣ ಕುಗ್ಗುತ್ತದೆ. ಹೃದಯಕ್ಕೆ ಪ್ರತಿ ಬಡಿತದಲ್ಲೂ ಸಿಗುವ ರಕ್ತ ಕಮ್ಮಿ. ಮಿದುಳಿಗೆ, ಕಿಡ್ನಿಗೆ ಮಾತ್ರ ಮೊದಲಿನಷ್ಟೇ ಬೇಕು. ಹಾಗಾಗಿ ಹೃದಯ ಜಾಸ್ತಿ ಸಲ ಬಡಿದು ಆ ಕೊರತೆ ತುಂಬಿಸುತ್ತದೆ. ರಕ್ತನಾಳಗಳು ಬಿಗಿಯಾಗುತ್ತವೆ. ನಮ್ಮ ದುರ್ಗದ ಕಡೆ ಬೋರಿನ ನೀರು ಇಳಿದಾಗ ಮೋಟಾರಿನ ಸದ್ದು ಬದಲಾಗುತ್ತದೆ ಅಲ್ವಾ? ತೊಟ್ಟಿಗೆ ನೀರು ಇನ್ನೂ ಬೀಳುತ್ತಿರುತ್ತದೆ. ತೊಟ್ಟಿ ಮಾತ್ರ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಸದ್ದು ಕೇಳಿದ ರೈತನಿಗೆ ಗೊತ್ತಾಗುತ್ತದೆ. ಕೂತಾಗ ನೋಡಿದ 110/70 ಆ ತೊಟ್ಟಿಯ ನೀರು. ನಾಡಿ ಆ ಸದ್ದು. ಹರೆಯದ ಹೆಣ್ಣುಮಗಳ ದೇಹ ಬಿಪಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬಿಪಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಅದಕ್ಕೇ ಎದ್ದು ನಿಲ್ಲಿಸಿ ನೋಡುವುದು. ಮಲಗಿದ್ದಕ್ಕಿಂತ ನಿಂತಾಗ ನಾಡಿ 30 ಅಥವಾ ಅದಕ್ಕಿಂತ ಜಾಸ್ತಿ ಏರಿದರೆ, ಇಲ್ಲವೇ ಮೇಲಿನ ಬಿಪಿ 20 ಇಳಿದರೆ, ನೀರು ಬತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ನನ್ನದು ನಾಡಿ 36 ಏರಿತ್ತು, ಬಿಪಿ 20 ಇಳಿದಿತ್ತು.

ಆಸ್ಪತ್ರೆಯಲ್ಲಿ ಒಬ್ಬರು ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು. ಮಿಷನ್ ಪಕ್ಕದಲ್ಲೇ ಇತ್ತು. ಆದರೂ ಕೈಯಲ್ಲಿ ಎಣಿಸಿದರು. ಬಡಿತ ಒಂದೇ ಸಮ ಇದೆಯಾ, ನಡುವೆ ತಪ್ಪುತ್ತಿದೆಯಾ ಅನ್ನುವುದು ಬೆರಳಿಗೆ ಗೊತ್ತಾಗುತ್ತೆ ಎಂದರು. ಎಷ್ಟೋ ವಾರಗಳಲ್ಲಿ ಮೊದಲ ಸಲ ಯಾರೋ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ ಹಾಗಾಯಿತು. ನಾನು ಒಂದು ಮಾತೂ ಆಡಿರಲಿಲ್ಲ.

ತೂಕ 53ರಿಂದ 48 ಕೆಜಿಗೆ ಇಳಿದಿತ್ತು. ಬಸಿರಿಗೆ ಮೊದಲಿನ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೇ ಎಚ್ಚರ ಬೇಕು. ನನ್ನದು 9 ದಾಟಿತ್ತು. ಪೊಟ್ಯಾಸಿಯಂ 3.5ಕ್ಕಿಂತ ಮೇಲಿರಬೇಕು, 2.8 ಇತ್ತು. ಹೃದಯದ ಲಯ ತಪ್ಪದೆ ಇರಬೇಕಾದರೆ ಈ ಲವಣ ಬೇಕೇ ಬೇಕು. ಕೂಡಲೇ ಇಸಿಜಿ ಮಾಡಿದರು. ಬಡಿತ ವೇಗವಾಗಿದೆ, ಆದರೆ ಲಯ ಸರಿ ಇದೆ ಎಂದರು. ಸಲೈನಿಗೆ ಪೊಟ್ಯಾಸಿಯಂ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಏರಿಸಿದರು. ಬೇಗ ಏರಿಸಿದರೆ ಅದೇ ಹೃದಯಕ್ಕೆ ಅಪಾಯವಂತೆ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಕೊಡುವ ಮುಂಚೆಯೂ ಡಾಕ್ಟರು ಇಸಿಜಿಯನ್ನು ಮತ್ತೊಮ್ಮೆ ತೆಗೆದು ನೋಡಿದರು. ಪೊಟ್ಯಾಸಿಯಂ ಕಮ್ಮಿ ಇರುವಾಗ ಆ ಔಷಧಿ ಹೃದಯದ ಲಯ ಕೆಡಿಸಬಹುದು.

ಇನ್ನೊಂದು ವಿಷಯ ನನಗೆ ಈಗಲೂ ಮೈ ನಡುಗಿಸುತ್ತದೆ. ಗ್ಲೂಕೋಸ್ ಹಾಕುವ ಮೊದಲು ಡಾಕ್ಟರು ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ ಸಾಕಾಗುತ್ತದೆ. ಅಷ್ಟು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಥಯಾಮಿನ್ನೂ ಖರ್ಚಾಗಿ ಮಿದುಳಿಗೆ ಪೆಟ್ಟಾಗಬಹುದು. ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ನಮ್ಮ ಕಡೆ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಬಾ" ಅನ್ನುವುದು ಎಷ್ಟು ಸಲೀಸು! ನನಗೆ ಎರಡು ಸಲ ಹಾಗೇ ಹಾಕಿದ್ದರು. ನನ್ನ ಪುಣ್ಯಕ್ಕೆ ಏನೂ ಆಗಲಿಲ್ಲ.

ಥೈರಾಯಿಡ್ ರಿಪೋರ್ಟ್ ಬಂದಾಗ ಮನೆಯವರೆಲ್ಲ ಹೆದರಿದರು. ಥೈರಾಯಿಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಎಂಬ ಹಾರ್ಮೋನು ತೀರಾ ಕಮ್ಮಿ. ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. ಬಸಿರಿನ ಹಾರ್ಮೋನು ಎಚ್‌ಸಿಜಿಗೂ ಟಿಎಸ್‌ಎಚ್‌ಗೂ ರೂಪದಲ್ಲಿ ಹೋಲಿಕೆ ಇದೆ. ಅದು ಜಾಸ್ತಿ ಇದ್ದಾಗ ಥೈರಾಯಿಡ್ ಗ್ರಂಥಿಯನ್ನು ಕೆಣಕುತ್ತದೆ. ಅದರಿಂದಲೂ ನಾಡಿ ಏರುತ್ತದೆ. ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಕುತ್ತಿಗೆಯಲ್ಲಿ ಗಂಟಿಲ್ಲ, ಕಣ್ಣು ಉಬ್ಬಿಲ್ಲ, ಮೊದಲು ಥೈರಾಯಿಡ್ ಇರಲಿಲ್ಲ, ಕಾಯೋಣ ಎಂದರು. 16ನೇ ವಾರಕ್ಕೆ ಅದು ಸರಿಹೋಗಿತ್ತು.

ಸ್ಕ್ಯಾನ್ ಕೂಡ ಮಾಡಿದರು. ಅವಳಿ ಇದ್ದರೆ, ಅಥವಾ ಮಗುವಿನ ಬದಲು ಮಾಸು ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಬಸಿರಿದ್ದರೆ ವಾಂತಿ ಹೀಗೆ ಹದ್ದು ಮೀರುವುದುಂಟು. ಒಂದೇ ಮಗು, ಎದೆ ಬಡಿತ 168. ನಾನು ಗಾಬರಿಯಾದೆ. "ಅದರದು ಅಷ್ಟಿರಬೇಕು. ನಿಮ್ಮದು ಇಳೀಬೇಕು" ಎಂದು ಡಾಕ್ಟರು ನಕ್ಕರು.

ಮುಂದಿನ ದಿನಗಳ ನಾಡಿಯನ್ನು ಅಪ್ಪ ಚಾರ್ಟ್ ನೋಡಿ ಬರೆದುಕೊಂಡಿದ್ದಾರೆ. 116, 104, 98, 92, 86. ಪಕ್ಕದ ಕಾಲಂನಲ್ಲಿ ಬಿಪಿ 104/66ರ ಆಸುಪಾಸಿನಲ್ಲೇ ನಿಂತಿದೆ. ಬರೀ ಬಿಪಿ ನೋಡಿದ್ದರೆ ನಾನು ಹುಷಾರಾಗುತ್ತಿದ್ದೇನೆ ಎಂಬುದೂ ಗೊತ್ತಾಗುತ್ತಿರಲಿಲ್ಲ. ನಡುವೆ 5ನೇ ತಾರೀಖು ನಾಗರ ಪಂಚಮಿ. ಪಕ್ಕದ ಬೆಡ್ಡಿನ ಅಕ್ಕನ ಮನೆಯಿಂದ ಶೇಂಗಾ ಉಂಡೆ ಬಂದಿತ್ತು. ಉಗುರಿನಷ್ಟು ತಿಂದೆ. ನಿಂತಿತು. ಅಮ್ಮ ಎದ್ದು ಹೊರಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡಳು.

8ಕ್ಕೆ ಮನೆಗೆ ಬಂದೆ. ಮಾರನೇ ದಿನದ ಎದುರು ಪುಸ್ತಕದಲ್ಲಿ "54" ಎಂದು ಬರೆದು ಸುತ್ತು ಹಾಕಿದೆ. ಅವತ್ತು ಬಚ್ಚಲಲ್ಲಿ ಜೋರಾಗಿ ಓಕರಿಸುತ್ತಾ ತಲೆ ಸುತ್ತಿ ಬಿದ್ದೆ. ಅಪ್ಪ ಓಡಿಬಂದು ಪಟ್ಟಿ ಕಟ್ಟಿದರೆ ನಾಡಿ 54. ಏರುವ ನಾಡಿಗೆ ಹೆದರಿದ್ದವರು ಈಗ ಇಳಿದ ನಾಡಿಗೆ ಹೆದರಿದರು. ಫೋನಿನಲ್ಲಿ ಡಾಕ್ಟರು ವಿವರಿಸಿದರು. ಓಕರಿಕೆಯ ರಭಸಕ್ಕೆ ವೇಗಸ್ ಎಂಬ ನರ ಕೆರಳಿ ಹೃದಯವನ್ನು ಕೆಲವು ಕ್ಷಣ ನಿಧಾನ ಮಾಡುತ್ತದೆ. ಬಿಪಿಯೂ ಕುಸಿದು ಬವಳಿ ಬರುತ್ತದೆ. ಕಾಲು ಎತ್ತರಿಸಿ ಮಲಗಿಸಿದರೆ ಬೇಗ ಸರಿಯಾಗುತ್ತದೆ, ಆಗದಿದ್ದರೆ ಕೂಡಲೇ ಕರೆತನ್ನಿ ಎಂದರು. ಹತ್ತು ನಿಮಿಷದಲ್ಲಿ 88ಕ್ಕೆ ಬಂತು. ಅವತ್ತಿನಿಂದ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟೆ. ಬಸುರಿ ಇರುವ ಎಲ್ಲ ಮನೆಗೂ ಇದನ್ನು ಹೇಳುತ್ತೇನೆ.

14ಕ್ಕೆ ಮತ್ತೆ ಎದ್ದು ನಿಂತಾಗಿನ ನಾಡಿ 130 ದಾಟಿತು. ಈ ಸಲ ಯಾರೂ ಕಾಯಲಿಲ್ಲ. ಬೆಳಿಗ್ಗೆ ಹೋಗಿ ಸಲೈನ್ ಹಾಕಿಸಿಕೊಂಡು ಸಂಜೆ ಬಂದೆವು. ಮನೆಯಲ್ಲಿ ಓಆರ್‌ಎಸ್ ಪುಡಿಯನ್ನು ಸರಿಯಾಗಿ ಒಂದು ಲೀಟರಿಗೆ ಕಲಸಿ, ಐದು ನಿಮಿಷಕ್ಕೆ ಒಂದು ಚಮಚದಂತೆ ಕುಡಿದೆ. ಲೋಟಗಟ್ಟಲೆ ಕುಡಿದರೆ ವಾಂತಿ, ಚಮಚದಲ್ಲಾದರೆ ನಿಲ್ಲುತ್ತಿತ್ತು. ವಾಂತಿಗೆ ಕೊಡುವ, ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆ ದಿನಾ ನುಂಗಿದೆ. "ಬಸಿರಲ್ಲಿ ಮಾತ್ರೆ ಬೇಡ" ಅಂದವರು ಬಹಳ ಜನ. ಈ ಎರಡೂ ಔಷಧಿ ಇದ್ದ ಮಾತ್ರೆಯನ್ನು ಮೊಕದ್ದಮೆಗಳ ಕಾಟಕ್ಕೆ ಅಮೆರಿಕದಲ್ಲಿ ಕಂಪನಿಯೇ 1983ರಲ್ಲಿ ನಿಲ್ಲಿಸಿತ್ತು. ಮಗುವಿಗೆ ಇದರಿಂದ ಹಾನಿ ಇಲ್ಲವೆಂದು ಬೇಕಾದಷ್ಟು ಅಧ್ಯಯನಗಳು ತೋರಿಸಿದ ಮೇಲೆ 2013ರಲ್ಲಿ ಅಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು.

ಮನಸ್ಸು ಗಟ್ಟಿ ಮಾಡ್ಕೋಬೇಕು ಎಂಬ ಮಾತಿಗೆ ನನಗೆ ಉತ್ತರ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಜಿಡಿಎಫ್15 ಎಂಬ ಹಾರ್ಮೋನು ಮಗು ಮತ್ತು ಮಾಸಿನಿಂದ ತಾಯಿಯ ರಕ್ತಕ್ಕೆ ಬಂದು ಮಿದುಳಿನ ವಾಂತಿ ಕೇಂದ್ರವನ್ನು ತಟ್ಟುತ್ತದೆ. ಬಸಿರಿಗೆ ಮೊದಲು ಯಾರ ಮೈಯಲ್ಲಿ ಅದು ಕಮ್ಮಿ ಇತ್ತೋ, ಅವರಿಗೆ ದಿಢೀರ್ ಏರಿಕೆ ತಡೆಯಲಾಗುವುದಿಲ್ಲ. ಆ ಅಧ್ಯಯನ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರಾದ ಮರ್ಲೀನಾ ಫೆಜೋ ಅವರು ಸ್ವತಃ ಈ ಕಾಯಿಲೆ ಅನುಭವಿಸಿ 1999ರಲ್ಲಿ ಮಗುವನ್ನು ಕಳೆದುಕೊಂಡವರು. ಓದಿ ಮುಗಿಸಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೂ ನಾನು ಹೊಟ್ಟೆಯಲ್ಲಿದ್ದಾಗ ಹೀಗೇ ಆಗಿತ್ತು. ಇದು ರಕ್ತಸಂಬಂಧದಲ್ಲಿ ಬರುತ್ತದೆ. "ಹಂಗಾದ್ರೆ ನನ್ನ ತಪ್ಪೇನೂ ಇರ್ಲಿಲ್ಲ ಅನ್ನು" ಎಂದಳು ಅಮ್ಮ. ಅಷ್ಟು ವರ್ಷ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದಳು.

ಮನೆಯ ಮಿಷನ್ ಬಗ್ಗೆ ಒಂದು ಮಾತು. ಗಂಟೆಗೊಮ್ಮೆ ನೋಡುತ್ತಾ ಕೂತರೆ ಹೆದರಿಕೆಗೇ ನಾಡಿ ಏರುತ್ತದೆ. ಮೆಟ್ಟಿಲು ಹತ್ತಿ ಬಂದಾಗ 110 ಇದ್ದರೆ ಅದು ಕಾಯಿಲೆ ಅಲ್ಲ. ಐದು ನಿಮಿಷ ಸುಮ್ನೆ ಮಲಗಿ ನೋಡಬೇಕು. ಇನ್ನು ನಾಡಿ ಏರಿದ್ದಕ್ಕೆಲ್ಲ ವಾಂತಿಯೇ ಕಾರಣ ಅಂದುಕೊಳ್ಳುವುದೂ ತಪ್ಪು. ರಕ್ತ ಕಮ್ಮಿ ಇರಬಹುದು, ಜ್ವರ ಇರಬಹುದು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗಿದ್ದು ಬಸಿರಿನಲ್ಲೇ ಮೊದಲ ಸಲ ಗೊತ್ತಾಗುವುದು ನಮ್ಮಲ್ಲಿ ಇದೆ. ಎದೆ ನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದುವುದು ಇದ್ದರೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಬೇಕು. ಇಷ್ಟು ಬೇಗ, 20 ವಾರದೊಳಗೇ ಬಿಪಿ 140/90 ದಾಟಿದ್ದರೂ ಡಾಕ್ಟರು ನೋಡಲೇಬೇಕು.

ಮಗಳು ಹುಟ್ಟಿದ್ದು 2020ರ ಮಾರ್ಚ್‌ನಲ್ಲಿ. 2.7 ಕೆಜಿ. ವಾಂತಿ 18ನೇ ವಾರಕ್ಕೇ ನಿಂತಿತ್ತು.

ಮೊನ್ನೆ ಪುಸ್ತಕ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ 19 ದಿನ ಅಪ್ಪನ ಅಂಕಿ ಎಲ್ಲೂ ಇಲ್ಲ. ತಮ್ಮ ಬಿಪಿಯನ್ನು ಒಂದು ದಿನವೂ ನೋಡಿಕೊಂಡಿಲ್ಲ. ಕೇಳಿದರೆ "ಮಿಷನ್ ಒಂದೇ ಇತ್ತಲ್ಲ" ಎಂದರು.

ಹೀಗೆ ಮಾತಾಡುತ್ತಿರುವಾಗಲೇ ಹೊಳಲ್ಕೆರೆಯಿಂದ ಚಿಕ್ಕಪ್ಪನ ಮಗಳ ಫೋನು. ಅವಳಿಗೀಗ 7 ವಾರ. "ಅಕ್ಕಾ, ನೀರೂ ನಿಲ್ತಿಲ್ಲ. ಎಲ್ಲರಿಗೂ ಹಿಂಗೇ ಅಂತಾರೆ" ಎಂದಳು. ಉಚ್ಚೆಗೆ ಎಷ್ಟು ಸಲ ಹೋದೆ ಎಂದು ಕೇಳಿದೆ. ಬೆಳಿಗ್ಗೆಯಿಂದ ಹೋಗಿಲ್ಲ ಎಂದಳು. ಆಗ ಸಂಜೆ ನಾಲ್ಕು. ಮಲಗಿಸಿ ಮಣಿಕಟ್ಟು ಹಿಡಿಸಿದೆ. ನಾನು ಗಡಿಯಾರ ನೋಡಿದೆ, ಅವಳು ಎಣಿಸಿದಳು. 98. ಅವಳ ಗಂಡನಿಗೆ ಹಿಡಿದುಕೊಳ್ಳಲು ಹೇಳಿ ಎದ್ದು ನಿಲ್ಲಿಸಿದೆ. ಪಕ್ಕದಲ್ಲಿ ಅಪ್ಪ ಪೆನ್ನು ತೆಗೆದು ಕಾಯುತ್ತಿದ್ದರು.

132.

"ಕಾರು ಇದೆಯಾ ಕೇಳು" ಎಂದರು ಅಪ್ಪ.